ಉಪ್ಪಿನ ಗಡಿಗೆ ಮತ್ತು ತಾಯಿಯವರ ‘ಹೂಂ’

ಹುಣಸೆಗುಡ್ಡದ ಶ್ರೀ ನಂಜಾಂಬ ತಾಯಿಯವರು ಆಶ್ರಮದ ಅಡುಗೆಮನೆಯ ಹಿಂದಿನ ಜಗಲಿಯಲ್ಲೇ ಹೆಚ್ಚು ಹೊತ್ತು ಕುಳಿತಿರುತ್ತಿದ್ದರು. ಹರಿದ ಗೋಣಿತಾಟೇ ಅವರ ಸಿಂಹಾಸನ. ಯಾರು ದರ್ಶನಕ್ಕೆ ಬಂದರೂ ಅವರ ಕೈ ಹುಣಸೆಹಣ್ಣಿನ ಬೀಜ ಬಿಡಿಸುತ್ತಲೇ ಇರುತ್ತಿತ್ತು. ಶಾಲೆಯ ಮೆಟ್ಟಿಲು ಹತ್ತದ ನನ್ನ ಮೇಲೆ ಆ ಮಹಾತಾಯಿಯವರು ಮಾಡಿದ ಕೃಪೆಯನ್ನು ಕಂಡವನೂ ನಾನೇ, ಉಂಡವನೂ ನಾನೇ. ಹಾಗಾಗಿ ಹೇಳುವ ಹಕ್ಕೂ ನನ್ನದೇ.

ನಾನು ಓಂಕಾರಯ್ಯ, ಆಶ್ರಮದ ಅಡುಗೆಯವನು. ನನ್ನ ಕುಂಬಳಕಾಯಿ ಹುಳಿಯ ಒಗ್ಗರಣೆ ಚಟಪಟ ಎಂದರೆ ಏಳು ಹಳ್ಳಿಯ ಜನ ಕೈ ತೊಳೆದುಕೊಂಡು ಕಾಯುತ್ತಿದ್ದರು. ನಮ್ಮ ಕೊಪ್ಪರಿಗೆ ಎಂಥದ್ದು ಅಂತೀರಿ? ಒಳಗಿಳಿದು ತಿಕ್ಕುವವನಿಗೆ ಮಧ್ಯಾಹ್ನದ ಬುತ್ತಿ ಕಟ್ಟಿ ಕಳಿಸಬೇಕಿತ್ತು. ನಂಬದವರು ಬಿಡಿ.

ಇಂಥ ನನಗೂ ಗ್ರಹಚಾರ ಬಂತು. ಒಂದು ಮದುವೆಯಲ್ಲಿ ಮೈಮರೆತು ಹುಳಿಗೆ ಎರಡು ಸಲ ಉಪ್ಪು ಹಾಕಿಬಿಟ್ಟೆ. “ಏನಯ್ಯಾ, ಸಮುದ್ರಕ್ಕೇ ಬೇಳೆ ಹಾಕಿದೀಯಾ?” ಎಂದು ಬೀಗರು ಎಲೆ ಬಿಟ್ಟೆದ್ದರು. ಅಂದಿನಿಂದ ಮನಸ್ಸು ಕಣ್ಣಿ ಹರಿದ ಹೋರಿಯಾಯಿತು. ಉಪ್ಪು ಹಾಕಿದೆನೋ, ಇಲ್ಲವೋ? ಒಲೆ ಆರಿಸಿದೆನೋ, ಇಲ್ಲವೋ? ಹೊರಗಿನ ಅಡುಗೆಯಾದರೆ ಇಪ್ಪತ್ತು ಸಲ ರುಚಿ ನೋಡಿ ನಾಲಿಗೆ ಮರಗಟ್ಟಿಸಿಕೊಳ್ಳುತ್ತಿದ್ದೆ. ಆಶ್ರಮದಲ್ಲಿ ಅದೂ ಇಲ್ಲ. ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಸೋಕಿಸುವ ಹಾಗಿಲ್ಲ.

ಆಶ್ರಮ ಕಟ್ಟಿದ ದೊಡ್ಡ ಗುರುಗಳ ಆರಾಧನೆ ಬಂತು. ಮೂರು ಸಾವಿರ ಎಲೆ. ಬೆಳಗ್ಗೆಯೇ ಹೋಗಿ ಸೌಟನ್ನು ತಾಯಿಯವರ ಪಾದದ ಬಳಿ ಇಟ್ಟೆ.

“ಬೇರೆಯವರನ್ನ ನೋಡ್ಕೊಳ್ಳಿ ತಾಯಿ. ನನ್ನ ತಲೆ ನನ್ನ ಮಾತು ಕೇಳ್ತಿಲ್ಲ. ಇನ್ನು ಈ ಕಸುಬೇ ಬೇಡ.”

ತಾಯಿಯವರು ಸೌಟು ಮುಟ್ಟಲಿಲ್ಲ. “ಉಪ್ಪು ಹಾಕುವಾಗ ನೀನೆಲ್ಲಿರ್ತೀಯಪ್ಪ?” ಎಂದು ಕೇಳಿದರು.

ಯೋಚಿಸಿ ನಿಜವನ್ನೇ ಹೇಳಿದೆ. “ಪಂಕ್ತಿಯಲ್ಲಿ ತಾಯಿ. ಅವರು ಬೈಯೋದನ್ನ ಆಗಲೇ ಕೇಳಿಸ್ಕೊಳ್ತಿರ್ತೀನಿ.”

“ಇವತ್ತು ಕೈ ಮಾಡೋದನ್ನ ಬಾಯಲ್ಲಿ ಹೇಳು. ನಾನಿಲ್ಲಿ ಕೇಳ್ತಿರ್ತೀನಿ” ಎಂದರು. ಅಷ್ಟೇ. ಮತ್ತೆ ಹುಣಸೆಹಣ್ಣು ಕೈಗೆತ್ತಿಕೊಂಡರು.

ಮಂತ್ರವನ್ನೋ ವಿಭೂತಿಯನ್ನೋ ಕೊಟ್ಟಾರು ಎಂದುಕೊಂಡಿದ್ದ ನನಗೆ ಇದೆಂಥ ಮದ್ದು ಅನ್ನಿಸಿತು. ಆದರೂ ಸೌಟು ಎತ್ತಿಕೊಂಡು ಒಳಗೆ ಹೋಗಿ ಕೂಗಿದೆ: “ತಾಯಿ, ಬೇಳೆ ತೊಳೀತಿದೀನಿ!”

ಜಗಲಿಯಿಂದ ಮೆಲ್ಲಗೆ “ಹೂಂ” ಎಂದು ಬಂತು.

“ಕುಂಬಳಕಾಯಿ ಹಾಕ್ತಿದೀನಿ!”

“ಹೂಂ.”

ತರಕಾರಿ ಹೆಚ್ಚುತ್ತಿದ್ದ ಸಣ್ಣೀರಮ್ಮ ಈಳಿಗೆಮಣೆ ಬಿಟ್ಟು ನಕ್ಕಳು. “ಏನಣ್ಣೋ, ಒಂದೊಂದು ಹೋಳಿಗೂ ನಾಮಕರಣ ಮಾಡ್ತೀಯಾ?”

ಉಪ್ಪಿನ ಸರದಿ ಬಂತು. “ಹನ್ನೆರಡು ಬೊಗಸೆ ಹಾಕಿದೆ ತಾಯಿ!” “ಹೂಂ.” ತಿರುಗಿ ನಾಲ್ಕು ಹೆಜ್ಜೆ ಇಟ್ಟಿಲ್ಲ, ಎದೆ ಧಸಕ್ಕೆಂದಿತು. ಹಾಕಿದೆನೋ? ಓಡಿಬಂದು ಉಪ್ಪಿನ ಗಡಿಗೆಗೆ ಕೈಯಿಟ್ಟು ಹಿಡಿ ತುಂಬಿಕೊಂಡೆ. “ತಾಯೀ, ಹಾಕಿದೆನಾ?”

ಅವರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. “ಈಗೇನು ಮಾಡ್ತಿದೀಯ?”

“ಹಿಡೀಲಿ ಉಪ್ಪು ಹಿಡ್ಕೊಂಡು ನಿಂತಿದೀನಿ.”

“ಹೂಂ. ನಿಂತಿರು.”

“ಇನ್ನೊಂದು ಹಿಡಿ ಹಾಕಿಬಿಡೋಣ ಅನ್ನಿಸ್ತಿದೆ ತಾಯಿ.”

“ಹೂಂ.”

“ಎದೆ ಹೊಡ್ಕೊಳ್ತಿದೆ.”

“ಹೂಂ.”

“ಉಪ್ಪಿನ ಹರಳು ಅಂಗೈಗೆ ಚುಚ್ತಿದೆ... ಹುಳಿ ಕುದೀತಿದೆ... ಒಲೇಲಿ ಸೌದೆ ಚಟಗುಟ್ತಿದೆ.”

ಒಂದೊಂದಕ್ಕೂ ಅದೇ “ಹೂಂ”. ತೊಟ್ಟಿಲು ತೂಗುವವರು ಅಂದ ಹಾಗೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಸಣ್ಣೀರಮ್ಮನೂ ನಗು ಬಿಟ್ಟು ನೋಡುತ್ತಿದ್ದಳು. ಏರಿ ಬಂದ ಭಯ ತಾನಾಗಿಯೇ ಇಳಿಯಿತು, ನಾನೇನೂ ಓಡಿಸಲಿಲ್ಲ. ಬೆರಳು ಸಡಿಲವಾಗಿ ಉಪ್ಪು ಮತ್ತೆ ಗಡಿಗೆಗೇ ಸುರಿಯಿತು. ಪಲ್ಲಗಟ್ಟಲೆ ಅಕ್ಕಿ ಒಂದೇ ಕೈಯಲ್ಲಿ ಎತ್ತಿಳಿಸಿದವನು ನಾನು. ಅವತ್ತು ಇಳಿಸಿದಷ್ಟು ಭಾರವನ್ನು ಎಂದೂ ಇಳಿಸಿಲ್ಲ.

ನೈವೇದ್ಯವಾಯಿತು. ತಾಯಿಯವರು ಎಲ್ಲರ ಜೊತೆ ನೆಲದ ಮೇಲೆಯೇ ಕುಳಿತು ಪ್ರಸಾದ ಸ್ವೀಕರಿಸಿದರು. ಕೊನೆಯ ಪಂಕ್ತಿ ಎದ್ದ ಮೇಲೆ ನಾನೂ ಒಂದು ಎಲೆ ಹಾಕಿಕೊಂಡೆ. ಸಣ್ಣೀರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಎದುರಿಗೆ ಬಂದು ನಿಂತಳು.

“ಅಲ್ಲಣ್ಣೋ, ಮೂರು ಸಾವಿರ ಜನ ಉಂಡೆದ್ದರು. ಉಪ್ಪು ಹೆಂಗಿತ್ತು ಅಂತ ಒಬ್ಬರನ್ನೂ ಕೇಳಲಿಲ್ವಲ್ಲ ನೀನು!”

ಎಲೆ ನೋಡಿಕೊಂಡೆ. ಅರ್ಧ ಖಾಲಿಯಾಗಿತ್ತು.

“ತಡಿಯವ್ವ,” ಎಂದೆ, “ಉಣ್ತಿದೀನಿ.”