ಏರಿಯ ಕೆಳಗಿನ ಡಂಗುರ

"ಗುರುಗಳೇ, ಹೇಳಬೇಕಾದ್ದನ್ನು ತಪ್ಪಿಲ್ಲದೆ ಹೇಳಿದ ಮೇಲೂ ಜನರಿಗೆ ತಿಳಿಯದಿದ್ದರೆ ದೋಷ ಯಾರದು?"

ಕೇಳಿದವನು ನಿರ್ವಾಣಪ್ಪ. ಮಠದ ಶಿಷ್ಯರಲ್ಲಿ ಒಳ್ಳೆಯ ಮಾತುಗಾರ. ಹಿಂದಿನ ವಾರ ಗುರುಗಳು ಅವನನ್ನು ಪಕ್ಕದ ಊರಿಗೆ ಕಳಿಸಿದ್ದರು. ಅಲ್ಲಿಯ ಜನ ಕುಡಿಯುವ ನೀರಿನ ಬಾವಿಯ ಪಕ್ಕದಲ್ಲೇ ದನ ತೊಳೆಯುತ್ತಿದ್ದರು. ಮಕ್ಕಳು ಕಾಯಿಲೆ ಬೀಳುತ್ತಿದ್ದರು. ನಿರ್ವಾಣಪ್ಪ ಊರವರನ್ನು ಕೂಡಿಸಿ ನೀರಿನ ಶುದ್ಧಿಯ ವಿಷಯವನ್ನು ವಿವರವಾಗಿ ಹೇಳಿದ. ಎಲ್ಲರೂ ತಲೆದೂಗಿದರು. ಹಣ್ಣು ಕೊಟ್ಟು, ಕೈಮುಗಿದು ಬೀಳ್ಕೊಟ್ಟರು. ಮರುದಿನ ಬೆಳಿಗ್ಗೆ ಮತ್ತೆ ಅದೇ ಬಾವಿಯ ಪಕ್ಕದಲ್ಲಿ ದನ ತೊಳೆದರು.

"ನಾನು ಯಾವುದನ್ನೂ ಬಿಟ್ಟಿಲ್ಲ. ಅವರ ಕಿವಿಯೇ ಸರಿಯಿಲ್ಲ" ಎಂದ ನಿರ್ವಾಣಪ್ಪ.

ಗುರುಗಳು ಒಂದು ಕತೆ ಹೇಳಿದರು.

ಒಂದು ಕೋಟೆಯ ಊರಿನಲ್ಲಿ ಓಬಯ್ಯ ಎಂಬ ಡಂಗುರದವನಿದ್ದ. ಗೌಡ ಹೇಳಿದ್ದನ್ನು ಡಂಗುರ ಹೊಡೆದು ಬೀದಿ ಬೀದಿಗೆ ಸಾರುವುದು ಅವನ ಕೆಲಸ. ಅವನದು ದೊಡ್ಡ ಕಂಠ. ಅವನು ಕೋಟೆಯ ಬಾಗಿಲಲ್ಲಿ ನಿಂತು ಸಾರಿದರೆ ಆಚೆಯ ಹೊಲದಲ್ಲಿದ್ದವರು ನೇಗಿಲು ನಿಲ್ಲಿಸಿ ಕೇಳುತ್ತಿದ್ದರು. ತನ್ನ ಕಂಠಕ್ಕೆ ಸಿಗದ ಕಿವಿ ಇಲ್ಲವೆಂದು ಅವನು ತಿಳಿದಿದ್ದ.

ಒಂದು ವರ್ಷ ಕೋಟೆಯ ಗೋಡೆಗೆ ಕಲ್ಲು ಬೇಕಾಯಿತು. ತೆಲುಗು ಸೀಮೆಯಿಂದ ಕಲ್ಲುಕುಟಿಗರು ಸಂಸಾರ ಸಮೇತ ಬಂದರು. ಊರು ಎತ್ತರದಲ್ಲಿತ್ತು. ಊರಾಚೆ ಕೆರೆ. ಕೆರೆಯ ಏರಿಯ ಕೆಳಗೆ ಒಂದು ತಗ್ಗು, ತಗ್ಗಿನ ಪಕ್ಕದಲ್ಲಿ ದೊಡ್ಡ ಬಂಡೆ. ಕೆಲಸಕ್ಕೆ ಹತ್ತಿರವೆಂದು ಅವರು ಆ ತಗ್ಗಿನಲ್ಲೇ ಗುಡಿಸಲು ಹಾಕಿಕೊಂಡರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಊರಿನವರಿಗೆ ತೆಲುಗು ಬರುತ್ತಿರಲಿಲ್ಲ. ಎರಡನ್ನೂ ಬಲ್ಲವನು ಅವರ ಮೇಸ್ತ್ರಿ ಒಬ್ಬನೇ.

ಮಳೆ ಹಿಡಿದುಕೊಂಡಿತು. ಕೆರೆ ತುಂಬಿತು. ಒಂದು ಮಧ್ಯಾಹ್ನ ಕೆರೆ ಕಾಯುವ ನೀರುಗಂಟಿ ಓಡುತ್ತ ಬಂದು ಗೌಡನ ಮುಂದೆ ನಿಂತ.

"ತೂಬಿನ ಪಕ್ಕ ಏರಿ ಬಿರುಕು ಬಿಟ್ಟಿದೆ ಗೌಡರೇ. ಮಣ್ಣು ಹಾಕಿದಷ್ಟೂ ಕೊಚ್ಚಿಕೊಂಡು ಹೋಗುತ್ತಿದೆ. ಇನ್ನು ಹೆಚ್ಚು ಹೊತ್ತು ನಿಲ್ಲುವುದಿಲ್ಲ."

ಮೇಸ್ತ್ರಿ ಆ ದಿನ ಉಳಿ ತರಲು ಬೇರೆ ಊರಿಗೆ ಹೋಗಿದ್ದ. ಗೌಡ ಓಬಯ್ಯನನ್ನು ಕರೆಸಿದ. "ತಗ್ಗಿನವರನ್ನು ಬಂಡೆ ಹತ್ತಿಸು. ಓಡು" ಎಂದ.

ಓಬಯ್ಯ ಓಡಿದ. ಗುಡಿಸಲುಗಳ ನಡುವೆ ನಿಂತು ಡಂಗುರ ಹೊಡೆದ. ಬಂಡೆಯ ಮೇಲೆ ಉಳಿಯ ಸದ್ದು ನಿಂತಿತು. ಎಲ್ಲರ ಗಮನ ತನ್ನ ಕಡೆಗೆ ತಿರುಗಿತೆಂದು ಅವನಿಗೆ ಧೈರ್ಯ ಬಂತು. ಕಂಠವೆತ್ತಿ ಸಾರಿದ.

"ಕೇಳಿರಪ್ಪೋ ಕೇಳಿರಿ! ಕೆರೆಯ ಏರಿ ಒಡೆಯುತ್ತದೆ! ಹೆಂಗಸರು ಮಕ್ಕಳು ಸಮೇತ ಬಂಡೆ ಹತ್ತಬೇಕು!"

ಜನ ಗುಡಿಸಲುಗಳಿಂದ ಹೊರಗೆ ಬಂದರು. ಬಂಡೆಯ ಮೇಲಿದ್ದವರೂ ನಗುತ್ತ ತಗ್ಗಿಗೆ ಇಳಿದರು. ಅವರ ಕೈಯಲ್ಲಿ ಬುಟ್ಟಿಗಳಿದ್ದವು, ಮೊರಗಳಿದ್ದವು. ಅವರ ಬಿಡಾರದಲ್ಲಿ ಕೂಲಿಯ ಜೋಳದ ಗಾಡಿ ಬಂದಾಗ ಮಾತ್ರ ಡೋಲು ಹೊಡೆಯುವುದು ರೂಢಿ. ಇದು ಓಬಯ್ಯನಿಗೆ ತಿಳಿಯದು.

ಅವನು ಇನ್ನೂ ಜೋರಾಗಿ ಕೂಗಿದ. ಅವರು ಇನ್ನೂ ಹತ್ತಿರ ಬಂದರು. ಅವನು ಏರಿಯ ಕಡೆಗೆ ಕೈ ತೋರಿಸಿದ. ಗಾಡಿ ಅಲ್ಲಿ ನಿಂತಿದೆಯೆಂದು ತಿಳಿದು ನಾಲ್ಕಾರು ಹುಡುಗರು ಬುಟ್ಟಿ ಹಿಡಿದು ಏರಿಯತ್ತಲೇ ಓಡತೊಡಗಿದರು. ಓಬಯ್ಯ ಅಡ್ಡ ಹೋಗಿ ತೋಳು ಹಿಡಿದು ಎಳೆದು ತಂದ. ಅವರು ಇದೂ ಒಂದು ತಮಾಷೆಯೆಂದು ನಕ್ಕರು. ಅವನು ಮತ್ತೆ ಕೂಗಹೋದ. ಅವನ ದನಿ ಬಿದ್ದುಹೋಯಿತು.

ಎದುರಿಗೆ ಒಬ್ಬ ಹೆಂಗಸು ನಿಂತಿದ್ದಳು. ಹೆಸರು ಪೆದ್ದಕ್ಕ. ಸೊಂಟದಲ್ಲಿ ಮಗು, ಕೈಯಲ್ಲಿ ಮೊರ. ಕಾಳು ಸುರಿಸಿಕೊಳ್ಳುವವಳಂತೆ ಆಕೆ ಮೊರವನ್ನು ಅವನತ್ತ ಚಾಚಿದಳು. ಓಬಯ್ಯ ಆಗ ಆಕೆಯ ಮುಖ ನೋಡಿದ. ಆ ಮುಖದಲ್ಲಿ ಭಯದ ಸುಳಿವಿರಲಿಲ್ಲ. ಸಂತೋಷವಿತ್ತು. ತಾನು ಕೂಗಿದ್ದು ನೀರು, ಆಕೆಗೆ ಕೇಳಿಸಿದ್ದು ಜೋಳ. ಇಷ್ಟು ಹೊತ್ತು ತಾನೇ ಇವರನ್ನೆಲ್ಲ ಸಾವಿನ ಬಾಯಿಗೆ ಕರೆಯುತ್ತಿದ್ದೇನೆಂದು ಅವನಿಗೆ ಹೊಳೆಯಿತು.

ಅವನು ಡಂಗುರವನ್ನು ಎಸೆದ. ಪೆದ್ದಕ್ಕನ ಗುಡಿಸಲ ಮುಂದೆ ಮಂಡಿಯೂರಿ ಕುಳಿತ. ನೆಲದಿಂದ ಒಂದು ಕಲ್ಲಿನ ಚೂರು ಎತ್ತಿ ಕೆಸರಿನಲ್ಲಿಟ್ಟು ಆಕೆಯ ಗುಡಿಸಲನ್ನು ತೋರಿಸಿದ. ಇನ್ನೊಂದು ಚೂರು ಇಟ್ಟು ಪಕ್ಕದ ಗುಡಿಸಲನ್ನು ತೋರಿಸಿದ. ಯಾರೋ ಅವನಿಗೆ ಹುಚ್ಚೆಂದು ಕೈಯಾಡಿಸಿದರು. ಪೆದ್ದಕ್ಕ ನಗಲಿಲ್ಲ. ಬಗ್ಗಿ ನೋಡಿದಳು. ಅವನು ತಲೆಯೆತ್ತಿ ಆಕೆಯ ಕಣ್ಣು ನೋಡಿದ. ಇಷ್ಟು ತಿಳಿದಿದೆ ಎಂದು ಕಂಡಮೇಲೆ ಮುಂದುವರಿದ. ಚೂರುಗಳ ಮೇಲ್ಗಡೆ ಕೆಸರನ್ನು ಬಳಿದು ಅಡ್ಡಲಾಗಿ ಒಂದು ಸಣ್ಣ ಏರಿ ಕಟ್ಟಿದ. ಆಕೆಯ ಕೊಡ ಎತ್ತಿ ಅದರ ಹಿಂದೆ ನೀರು ಸುರಿದ. ಕೆರೆಯ ಕಡೆಗೆ ಕೈ ಮಾಡಿದ. ಮತ್ತೆ ಆಕೆಯ ಕಣ್ಣು ನೋಡಿದ. ಆಮೇಲೆ ಬೆರಳಿನಿಂದ ಏರಿಯನ್ನು ಒಡೆದ.

ನೀರು ನುಗ್ಗಿತು. ಚೂರುಗಳು ಉರುಳಿದವು.

ಪೆದ್ದಕ್ಕನ ಕೈಯಿಂದ ಮೊರ ಬಿತ್ತು. ಆಕೆ ಕಿರುಚಿದಳು: "ವರದ!"

ಓಬಯ್ಯನ ಭಾಷೆಯಲ್ಲಿ ವರದನೆಂದರೆ ವರ ಕೊಡುವವನು. ಆದರೆ ಆಕೆಯ ಮುಖ ನೋಡುತ್ತ ಕೇಳಿದವನಿಗೆ ಅನುಮಾನ ಉಳಿಯಲಿಲ್ಲ. ಆಕೆಯ ಸೀಮೆಯಲ್ಲಿ ಅದು ನೆರೆಯ ಹೆಸರು. ಅವನು ಎದ್ದು, ಬಿದ್ದುಹೋದ ದನಿಯಲ್ಲೇ "ವರದ! ವರದ!" ಎನ್ನುತ್ತ ಬಂಡೆಯ ಕಡೆಗೆ ಕೈ ಬೀಸಿದ. ಅವನ ದನಿ ಅಂಗಳವನ್ನೂ ದಾಟಲಿಲ್ಲ. ದಾಟುವ ಅಗತ್ಯವೂ ಬರಲಿಲ್ಲ. ಪೆದ್ದಕ್ಕ ಕೂಗಿದಳು, ಆಕೆಯ ಗಂಡ ಕೂಗಿದ, ಗುಡಿಸಲಿನಿಂದ ಗುಡಿಸಲಿಗೆ ಆ ಮಾತು ಹಾರಿತು. ಬುಟ್ಟಿಗಳು ಬಿದ್ದವು. ಮಕ್ಕಳು ಹೆಗಲೇರಿದರು. ಜ್ವರದಿಂದ ಮಲಗಿದ್ದ ಒಬ್ಬ ಮುದುಕನನ್ನು ಓಬಯ್ಯನೇ ಬೆನ್ನಿಗೆ ಹಾಕಿಕೊಂಡು ಎಲ್ಲರ ಹಿಂದೆ ಬಂಡೆ ಹತ್ತಿದ.

ಅವನ ಕಾಲು ಬಂಡೆಯ ತಲೆ ಮುಟ್ಟುವಷ್ಟರಲ್ಲಿ ಏರಿ ಒಡೆಯಿತು. ಕೆಂಪು ನೀರು ತಗ್ಗಿಗೆ ಹರಿದು ಗುಡಿಸಲುಗಳನ್ನು ಎತ್ತಿಕೊಂಡು ಹೋಯಿತು. ಮೇಲೆ ತಾಯಂದಿರು ಮಕ್ಕಳ ಹೆಸರು ಹಿಡಿದು ಕೂಗಿದರು. ಒಂದೊಂದು ಕೂಗಿಗೂ ಓಗೊಡುವ ದನಿ ಕೇಳಿಸಿತು. ಉತ್ತರ ಬಾರದ ಹೆಸರು ಒಂದೂ ಇರಲಿಲ್ಲ. ಆಗ ಬಂಡೆಯ ಮೇಲೆ ಎದ್ದ ಕೇಕೆ ನೀರಿನ ಮೊರೆತವನ್ನು ಮುಳುಗಿಸಿತು. ಕಲ್ಲುಕುಟಿಗರು ಓಬಯ್ಯನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವರು ಏನು ಹಾಡುತ್ತಿದ್ದಾರೆಂದು ಅವನಿಗೆ ತಿಳಿಯಲಿಲ್ಲ. ಅವನೂ ಅಳುತ್ತ, ನಗುತ್ತ ಹಾಡಿದ.

ಅವರು ಅವನನ್ನು ಹಾಗೆಯೇ ಹೊತ್ತುಕೊಂಡು ಸುತ್ತಿನ ದಾರಿಯಲ್ಲಿ ಕೋಟೆಯ ಬಾಗಿಲಿಗೆ ಬಂದರು. ಊರಿಗೆ ಊರೇ ಅಲ್ಲಿ ನಿಂತಿತ್ತು. ನೆರೆಯ ಸುದ್ದಿ ಕೇಳಿ ಎದೆ ಬಡಿದುಕೊಳ್ಳುತ್ತ ಬಂದಿದ್ದ ಮೇಸ್ತ್ರಿ ತನ್ನವರನ್ನೆಲ್ಲ ಕಂಡು ನೆಲಕ್ಕೆ ಕುಸಿದು ಕೈಮುಗಿದ. ಗೌಡ ಮುಂದೆ ಬಂದು ಓಬಯ್ಯನನ್ನು ತಬ್ಬಿಕೊಂಡ.

"ಏನೆಂದು ಸಾರಿದೆಯೋ ಓಬಯ್ಯ? ನಿನ್ನ ಕನ್ನಡ ಅವರಿಗೆ ಹೇಗೆ ತಿಳಿಯಿತು?"

"ನಾನು ಸಾರಿದ್ದು ತಿಳಿಯಲಿಲ್ಲ ಗೌಡರೇ. ಅವರ ಬಾಯಲ್ಲಿ ಅದು ಬರುವ ತನಕ ಬಿಡಲಿಲ್ಲ, ಅಷ್ಟೇ."

ಊರವರು ತಮ್ಮ ಮನೆಗಳ ಬಾಗಿಲು ತೆರೆದು ಕಲ್ಲುಕುಟಿಗರನ್ನು ಒಳಗೆ ಕರೆದರು. ಮಳೆ ನಿಂತ ಮೇಲೆ ಎರಡೂ ಕಡೆಯವರು ಸೇರಿ ಏರಿಗೆ ಕಲ್ಲು ಕಟ್ಟಿದರು. ಕೆಲಸದಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕದ್ದು ಕೈಸನ್ನೆ. ಮುಂದಿನ ಮಳೆಗೆ ಕೆರೆ ತುಂಬಿ ಕೋಡಿ ಬಿದ್ದಾಗ ಏರಿ ಅಲುಗಲಿಲ್ಲ. ಊರಿನ ಹೆಂಗಸರೂ ಪೆದ್ದಕ್ಕನೂ ಒಟ್ಟಿಗೆ ಕೆರೆಗೆ ಬಾಗಿನ ಬಿಟ್ಟರು.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಪ್ಪನ ಮುಖ ಅರಳಿತ್ತು.

"ಎಂಥ ಗೆಲುವು ಗುರುಗಳೇ! ಆದರೆ ಅಲ್ಲಿ ಭಾಷೆ ಬೇರೆಯಿತ್ತು. ನಾನು ಹೋದ ಊರಿನವರದು ನನ್ನ ಭಾಷೆಯೇ. ನಾನು ಹೇಳಿದ್ದು ಅವರಿಗೆ ತಿಳಿದೇ ಇರಬೇಕು."

"ಹಾಗಾದರೆ, ನೀನು ಹೇಳಿದ್ದು ಏನೆಂದು ಅವರ ಬಾಯಿಂದಲೇ ಕೇಳಿಕೊಂಡೆಯಾ?" ಎಂದರು ಗುರುಗಳು.

"ಅವರು ತಲೆದೂಗಿದ್ದನ್ನಷ್ಟೇ ನೋಡಿ ಬಂದೆ ಗುರುಗಳೇ" ಎಂದ ನಿರ್ವಾಣಪ್ಪ. ಎದ್ದು ಮತ್ತೆ ಆ ಊರಿನ ದಾರಿ ಹಿಡಿದ.