ನೆರೆಮನೆ ನುಂಗಿದ ಮನೆಗಳು

"ಬುದ್ಧೀ, ಈ ಮಾತು ನಿಮ್ಮ ಕಿವಿ ದಾಟಬಾರದು," ಎಂದಳು ಚನ್ನಾಜಮ್ಮ, ದನಿ ತಗ್ಗಿಸಿ. ಮಠದ ಜಗಲಿಯಲ್ಲಿ ಗುರುಗಳನ್ನೂ ಅವಳನ್ನೂ ಬಿಟ್ಟರೆ ಒಂದು ಬೆಕ್ಕಿತ್ತು. ಅವಳು ಅದನ್ನೂ ಅಟ್ಟಿದಳು. "ಆಣೆ ಇಡಿ ಅನ್ನುವುದಿಲ್ಲ, ನೀವು ದೊಡ್ಡವರು. ಆದರೂ ಯಾರ ಹತ್ತಿರವೂ ಬಾಯಿ ಬಿಡಬೇಡಿ. ಕಂಡವರನ್ನೆಲ್ಲ ನುಂಗಿ ಬೆಳೆದವರು ಅಷ್ಟು ಚೆಂದ ಕಾಣುವುದು ಯಾವ ನ್ಯಾಯ?"

"ಯಾರು ತಾಯಿ, ನುಂಗಿದವರು?"

"ಆಂಡ್ರೊಮಿಡಾ."

ಚನ್ನಾಜಮ್ಮನ ಮಾತಿಗೆ ತುದಿ ಮೊದಲು ಬರುತ್ತದೆ, ಬುಡ ಆಮೇಲೆ ಬರುತ್ತದೆ ಎಂದು ಗುರುಗಳಿಗೆ ಗೊತ್ತಿತ್ತು.

ಬುಡ ಇದು. ಪಕ್ಕದ ಮನೆಯ ರಾಜಮ್ಮಣ್ಣಿ ತನ್ನ ಮೊಮ್ಮಗಳು ನಿರುಪಮಾಳಿಗೆ ಚನ್ನಾಜಮ್ಮನ ಮೊಮ್ಮಗನನ್ನು ಕೇಳಿ ವೀಳ್ಯ ಕಳಿಸಿದ್ದಳು. ವೀಳ್ಯ ಇಟ್ಟುಕೊಂಡರೆ ಒಪ್ಪಿದಂತೆ. ಎಲೆ ಬಾಡುವ ಮೊದಲು ಹಿಂದಿರುಗಿಸಿದರೆ ಒಲ್ಲೆ ಎಂದಂತೆ. ಆ ವೀಳ್ಯ ಈಗ ಚನ್ನಾಜಮ್ಮನ ಮಡಿಲಲ್ಲಿತ್ತು. ಹಿಂದಿರುಗಿಸುವುದೆಂದು ಅವಳು ಮನಸ್ಸು ಮಾಡಿಯಾಗಿತ್ತು. ಗುರುಗಳ ಬಾಯಿಂದ ಒಂದು 'ಸರಿ' ಸಿಕ್ಕರೆ ನಾಳೆ ಯಾರೂ ತನ್ನನ್ನು ಅನ್ನುವಂತಿಲ್ಲ ಎಂದು ಇಲ್ಲಿಗೆ ಬಂದಿದ್ದಳು.

"ಹುಡುಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ ಬುದ್ಧೀ. ನಿನ್ನೆ ಸಂಜೆ ಅವರ ತಾರಸಿಗೆ ಕರೆದಳು. ಆಕಾಶದಲ್ಲಿ ವಿಭೂತಿ ಒರೆಸಿದ ಹಾಗೆ ಒಂದು ಗುರುತು ತೋರಿಸಿ, ನಮ್ಮ ಆಕಾಶಗಂಗೆಗೆ ಪಕ್ಕದ ಮನೆ ಇದು ಅಜ್ಜಿ, ಆಂಡ್ರೊಮಿಡಾ ಅಂತ ಹೆಸರು ಅಂದಳು. ಆಮೇಲೆ ಅದರ ಚಿತ್ರ ತೋರಿಸಿದಳು. ಅಬ್ಬಬ್ಬ, ಏನು ಒನಪು! ಮೊಸರು ಕಡೆಯುವಾಗ ಸುಳಿ ಏಳುತ್ತದಲ್ಲ, ಹಾಗೆ ಕೋಟಿ ಕೋಟಿ ಚುಕ್ಕಿ ಸುಳಿ ಸುತ್ತಿಕೊಂಡು ಕೂತಿವೆ. ನಾನು ಇನ್ನೇನು ಕೈ ಮುಗಿಯಬೇಕು, ಆಗ ಹೇಳುತ್ತಾಳೆ: ಇದು ಚಿಕ್ಕ ಚಿಕ್ಕ ಗ್ಯಾಲಕ್ಸಿಗಳನ್ನು ನುಂಗಿ ಬೆಳೆದದ್ದು ಅಂತ!"

"ಹಾಗೋ?"

"ಹಾಗೇ! ನುಂಗಿಸಿಕೊಂಡವರ ಚುಕ್ಕಿಗಳು ಇನ್ನೂ ಸುತ್ತಮುತ್ತ ಬಿದ್ದಿವೆಯಂತೆ, ಹರಿದ ಸೀರೆಯಿಂದ ಕಿತ್ತ ನೂಲಿನ ಹಾಗೆ. ಮಗ್ಗುಲಲ್ಲಿ ಒಂದು ಪುಟ್ಟ ಉಂಡೆ ಇದೆ. ಒಂದು ಕಾಲಕ್ಕೆ ಅದೂ ತುಂಬಿದ ಸಂಸಾರವೇ ಇರಬೇಕು, ಮಾವಿನಹಣ್ಣಿನ ತಿರುಳು ತಿಂದು ಓಟೆ ಬಿಡುವ ಹಾಗೆ ಆಂಡ್ರೊಮಿಡಾ ಅದನ್ನು ಉಳಿಸಿದ್ದಾಳೆ ಅಂತ ಕೆಲವು ಪಂಡಿತರು ಹೇಳುತ್ತಾರಂತೆ. ಪಾಪ, ಯಾರ ಮನೆ ದೀಪವೋ! ಈಗ ನಮ್ಮ ಕಡೆಗೇ ಬರುತ್ತಿದ್ದಾಳಂತೆ. ಮುಂದೆಂದೋ ಎರಡೂ ಒಂದಾಗಲೂಬಹುದಂತೆ. ಇದನ್ನೆಲ್ಲ ನಗುನಗುತ್ತ ಹೇಳುವ ಹುಡುಗಿಯನ್ನು ಮನೆ ತುಂಬಿಸಿಕೊಳ್ಳಲೇ? ರಾಜಮ್ಮಣ್ಣಿಯ ಮನೆಯಾದರೂ ಬೆಳೆದದ್ದು ಹೇಗೆ? ಅಕ್ಕಪಕ್ಕದ ಬಡ ಮನೆಗಳನ್ನು ಸೇರಿಸಿಕೊಂಡೇ ಅಲ್ಲವೇ? ಇಡೀ ಬೀದಿಗೆ ಗೊತ್ತು. ನಾನೇ ಹೇಳಿದ್ದೇನೆ."

"ನಮ್ಮ ಆಕಾಶಗಂಗೆಯ ಚಿತ್ರ ತೋರಿಸಲಿಲ್ಲವೇ?"

"ಕೇಳಿದೆ. ಒಳಗೇ ಇರುವವರು ಹೊರಗಿನಿಂದ ಚಿತ್ರ ಹೇಗೆ ತೆಗೆಯುವುದು ಅಜ್ಜಿ ಅಂದಳು. ನಮ್ಮದೂ ಅಂತ ಮುಂದೆ ಏನೋ ಶುರುಮಾಡಿದಳು. ನಾನು ಎದ್ದು ಬಂದೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಅವಳ ಮನೆಯ ಎದುರಿಗೆ ನೆರೆಯವಳ ಮನೆ, ನಡುವೆ ಒಂದು ಬೇಲಿ. ಹೆಂಗಸು ದಿನವೂ ತನ್ನ ಜಗಲಿಯಲ್ಲಿ ಕೂತು ಆ ಮನೆಯನ್ನು ನೋಡುತ್ತಿದ್ದಳು. ನೋಡುತ್ತ ನೋಡುತ್ತ ಅವಳಿಗೆ ಎಲ್ಲವೂ ಕಂಡಿತು. ಒಂದು ಗೋಡೆ ಮಣ್ಣಿನದು, ಅದಕ್ಕೆ ಅಂಟಿಕೊಂಡದ್ದು ಕಲ್ಲಿನದು. ಒಂದು ಬಾಗಿಲಿನಂತೆ ಇನ್ನೊಂದು ಬಾಗಿಲಿಲ್ಲ. ಮನೆಯ ಸುತ್ತ ಹುಲ್ಲಿನಲ್ಲಿ ಹಳೆಯ ಪಾಯದ ಕಲ್ಲುಗಳು ಸಾಲಾಗಿ ಬಾಗಿ ಹೋಗಿದ್ದವು. ಮಗ್ಗುಲಿಗೆ ಗೋಡೆಯೂ ಸೂರೂ ಇಲ್ಲದ ಒಂದು ಒಲೆ. ಎಂದೋ ಇದರೊಳಗೆ ಸೇರಿಹೋದ ಯಾರದೋ ಮನೆಯ ಒಲೆ ಅದು. ನೆರೆಯವಳು ಅದರಲ್ಲಿ ಇನ್ನೂ ನೀರು ಕಾಯಿಸುತ್ತಿದ್ದಳು.

ಹೆಂಗಸು ಮನೆಮನೆಗೆ ಹೋಗಿ, 'ಯಾರಿಗೂ ಹೇಳಬೇಡಿ' ಎಂದು ಹೇಳಿಬಂದಳು. ಹೊರಡುವಾಗ ಅವಳ ಬೆನ್ನು ತನ್ನ ಮನೆಯ ಕಡೆಗಿತ್ತು. ಮರಳುವಾಗ ಕಣ್ಣು ನೆರೆಮನೆಯ ಕಡೆಗಿತ್ತು.

ಒಂದು ದಿನ ನೆರೆಯವಳು ಹೇಳಿಕಳಿಸಿದಳು: 'ಮಕ್ಕಳು ಹೇಗೂ ಬೇಲಿ ನುಸುಳಿ ಆಡುತ್ತಿದ್ದಾರೆ. ಮುಳ್ಳು ತರಚುತ್ತದೆ. ಬೇಲಿ ತೆಗೆದುಬಿಡೋಣ.'

"ನೋಡಿದಿರಾ, ನೋಡಿದಿರಾ!" ಎಂದಳು ಚನ್ನಾಜಮ್ಮ. "ಹೀಗೇ ಬುದ್ಧೀ, ಶುರುವಾಗುವುದು. ಇವತ್ತು ಬೇಲಿ, ನಾಳೆ ಅಡುಗೆಮನೆ. ಆ ಹೆಂಗಸು ಸುಮ್ಮನಿದ್ದಳೇ? ಮುಖಕ್ಕೆ ಉಗಿದ ಹಾಗೆ ಕೇಳಬೇಕಿತ್ತು."

"ಕೇಳಿದಳು," ಎಂದರು ಗುರುಗಳು.

ಅವಳು ಬೇಲಿಯ ದಣಪೆ ದಾಟಿ ಹೋದಳು. ನೆರೆಯವಳ ಅಂಗಳದಲ್ಲಿ ಅವಳು ಕಾಲಿಟ್ಟದ್ದು ಅದೇ ಮೊದಲು. ನೆರೆಯವಳು ಆ ಒಲೆಯ ಮುಂದೆ ಕೂತು ಬೆಂಕಿ ಊದುತ್ತಿದ್ದಳು. ಹೆಂಗಸು ಬೀದಿಗೆ ಕೇಳುವ ಹಾಗೆ ಕೂಗಿದಳು: 'ಎಷ್ಟು ಮನೆ ನುಂಗಿದರೆ ನಿನ್ನ ಹೊಟ್ಟೆ ತುಂಬುತ್ತದೆ? ಯಾರದೋ ಗೋಡೆ, ಯಾರದೋ ಬಾಗಿಲು, ಯಾರದೋ ಒಲೆ! ಈಗ ನನ್ನ ಮನೆಗೂ ಬಾಯಿ ಹಾಕುತ್ತೀಯಾ? ನನ್ನದು ಹಾಗೆ ಕೂಡಿಹಾಕಿದ ಮನೆಯಲ್ಲ. ಪಾಯದಿಂದ ಸೂರಿನವರೆಗೆ ಒಂದೇ ಕೈ ಕಟ್ಟಿದ್ದು!'

"ಭೇಷ್!" ಎಂದು ಚನ್ನಾಜಮ್ಮ ತೊಡೆ ತಟ್ಟಿದಳು. ಅಂಥ ಮಾತು ತನಗೆ ಹೊಳೆಯಲಿಲ್ಲವಲ್ಲ ಎನ್ನಿಸಿತು. ಹೊಳೆಯದಿದ್ದರೇನು, ಇವತ್ತೇ ರಾಜಮ್ಮಣ್ಣಿಯ ಮುಂದೆ ಇದನ್ನೇ ಆಡಿದರಾಯಿತು. ಒಂದು ಅಕ್ಷರವೂ ತಪ್ಪಬಾರದೆಂದು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡಳು. ಮಡಿಲಿನಿಂದ ವೀಳ್ಯ ತೆಗೆದು ಕೈಯಲ್ಲಿ ಹಿಡಿದಳು. ಎಲೆ ಇನ್ನೂ ಬಾಡಿರಲಿಲ್ಲ.

ಏಳುವ ಮುನ್ನ ಒಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಏಳುವುದು ಅವಳಿಂದ ಆಗದ ಕೆಲಸ.

"ಅದಕ್ಕೆ ಅವಳು ಏನೆಂದಳು ಬುದ್ಧೀ? ಆ ನೆರೆಯವಳು? ಬಾಯಿ ಮುಚ್ಚಿತಲ್ಲವೇ?"

ಗುರುಗಳು ಹೇಳಿದರು: "'ಬಂದದ್ದು ಬಂದೆ, ಇಲ್ಲೇ ನಿಂತು ಒಂದು ಸಲ ತಿರುಗಿ ನಿನ್ನ ಮನೆ ನೋಡಕ್ಕ' ಎಂದಳು."