ಉಪ್ಪಿನ ಜೊತೆ ಬಂದ ಮಾತು

"ಗುರುಗಳೇ, ಗ್ರಂಥದಲ್ಲೇ ತಪ್ಪಿದ್ದರೆ ದೇವರನ್ನು ನಂಬುವುದು ಹೇಗೆ?"

ಕೇಳಿದವನು ಸೋಮಲಿಂಗ. ಮಠದ ಹಳೆಯ ತಾಳೆಗರಿಗಳನ್ನು ಹೊಸ ಗರಿಗೆ ಇಳಿಸುವುದು ಅವನ ಕೆಲಸ. ಒಂದು ಪ್ರತಿಯಲ್ಲಿ ದೇವರು ಹುತ್ತದಲ್ಲಿ ಸಿಕ್ಕ ಎಂದಿತ್ತು, ಇನ್ನೊಂದರಲ್ಲಿ ಹೊಳೆಯ ಮಡುವಿನಲ್ಲಿ ಸಿಕ್ಕ ಎಂದಿತ್ತು. ಗುಡಿ ಕಟ್ಟಿಸಿದವನೆಂದು ಮೊದಲನೆಯದು ಹೊಗಳಿದ ಅರಸ, ಎರಡನೆಯದರ ಲೆಕ್ಕದಲ್ಲಿ ಆಗ ಹುಟ್ಟಿಯೇ ಇರಲಿಲ್ಲ.

ಗುರು ಅಡುಗೆಮನೆಯ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. ಶಿಷ್ಯನ ಬಗಲಲ್ಲಿದ್ದ ಬಟ್ಟೆಯ ಗಂಟು ಅವರ ಕಣ್ಣಿಗೆ ಬಿತ್ತು.

"ಗಂಟು ಕಟ್ಟಿಕೊಂಡೇ ಬಂದು ಕೇಳುತ್ತಿದ್ದೀಯಲ್ಲ ಮಾರಾಯ! ನಿನಗೆ ಉತ್ತರ ಬೇಕೋ, ಹೊರಡಲು ಅಪ್ಪಣೆ ಬೇಕೋ?"

"ಯಾವುದು ಸಿಕ್ಕರೂ ಸಾಕು ಗುರುಗಳೇ. ಪೂಜೆಗೆ ಕೂತರೆ ಎದುರಿಗೆ ಯಾರೂ ಇಲ್ಲ ಅನಿಸುತ್ತದೆ. ಖಾಲಿ ಮನೆಯಲ್ಲಿ ಕೂತು ನಾನೇ ಮಾತಾಡಿಕೊಂಡ ಹಾಗೆ ಆಗುತ್ತದೆ."

"ಕೂತುಕೋ. ಹೇಗೂ ಹೊರಟವನು, ಅಲ್ಲಿಯವರೆಗೆ ಕೈ ಯಾಕೆ ಖಾಲಿ? ನೀನೂ ಒಂದಿಷ್ಟು ಬೀಜ ಬಿಡಿಸು," ಎಂದು ಗುರು ಹೇಳತೊಡಗಿದರು.

ಘಟ್ಟದ ಮೇಲಿನ ಒಂದು ಊರಿನಲ್ಲಿ ಸಂಕವ್ವ ಎಂಬ ಹೆಂಗಸಿದ್ದಳು. ಅವಳ ಗಂಡ ಎತ್ತುಗಳ ಬೆನ್ನ ಮೇಲೆ ಉಪ್ಪು ಹೇರಿ ತರುವವನು. ಆ ಕಾಲದ ಉಪ್ಪಿನವರಿಗೆ ಒಂದು ಕಟ್ಟಳೆ ಇತ್ತು. ಕೆಳಗಿನವರು ಘಟ್ಟ ಹತ್ತುವಂತಿಲ್ಲ, ಮೇಲಿನವರು ಕಡಲಿಗೆ ಇಳಿಯುವಂತಿಲ್ಲ. ಘಟ್ಟದ ಬುಡದಲ್ಲಿ ಒಂದು ತಂಗುದಾಣ. ಅಲ್ಲಿ ಮೂಟೆಗಳು ಆ ಎತ್ತಿನ ಬೆನ್ನಿಂದ ಈ ಎತ್ತಿನ ಬೆನ್ನಿಗೆ ಬರುತ್ತಿದ್ದವು. ಯಾರಿಗಾದರೂ ಹೇಳಿಕಳಿಸುವ ಮಾತಿದ್ದರೆ ಅದೂ ಅಲ್ಲೇ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬರುತ್ತಿತ್ತು. ಮೂಟೆಯಿಂದ ಉಪ್ಪು ಸೋರುವ ಹಾಗೆ ಮಾತೂ ಒಂದಿಷ್ಟು ಸೋರುತ್ತಿತ್ತೆನ್ನು. ಮಾತು ತಂದವನಿಗೆ ಹೊಟ್ಟೆ ತುಂಬ ಊಟ ಹಾಕುವುದು ಪದ್ಧತಿ.

ಒಂದು ವರ್ಷ ಕೆಳಗಿನವರು ಬುಡಕ್ಕೆ ಬರಲೇ ಇಲ್ಲ. ಉಪ್ಪಿಲ್ಲದೆ ಊರು ಎಷ್ಟು ದಿನ ಉಂಡೀತು? ಸಂಕವ್ವನ ಗಂಡ ಕಟ್ಟಳೆ ಮುರಿದು ತಾನೇ ಕಡಲಿಗೆ ಹೊರಟ. ಹೋದವನು ಹಿಂದಿರುಗಲಿಲ್ಲ.

ಮುಂದಿನ ಸುಗ್ಗಿಗೆ ಉಪ್ಪಿನ ದಾರಿ ಮತ್ತೆ ತೆರೆಯಿತು. ಒಬ್ಬ ಎತ್ತಿನವನು ಅವಳ ಬಾಗಿಲಿಗೆ ಬಂದು ಹೇಳಿದ: "ನಿನ್ನ ಗಂಡ ಜಾರಿ ಬಿದ್ದನಂತೆ ತಾಯಿ. ಬಲಗಾಲಿಗೆ ಪೆಟ್ಟು. ಉಪ್ಪು ಬೆಳೆಯುವವರ ಮನೆಯಲ್ಲಿದ್ದಾನಂತೆ. ಒಲೆ ಊದುವಾಗ ಸೆರಗು ಕಟ್ಟಿಕೋ ಅಂದನಂತೆ."

ಸಂಕವ್ವ ಅತ್ತಳು, ನಕ್ಕಳು, ಬಂದವನಿಗೆ ಬಡಿಸಿ ಬಡಿಸಿ ಸುಸ್ತು ಮಾಡಿದಳು. ಆಮೇಲೆ ಒಬ್ಬಳೇ ಉಣ್ಣುವಾಗಲೂ ಗಂಡ ಎದುರಿಗೆ ಕೂತಿದ್ದಾನೆ ಅನ್ನುವ ಹಾಗೆ ಮಾತಾಡಿಕೊಂಡೇ ಉಂಡಳು.

ಕೆಲವು ದಿನಗಳ ಮೇಲೆ ಇನ್ನೊಬ್ಬ ಬಂದ. ಅವನ ಪ್ರಕಾರ ಪೆಟ್ಟಾದದ್ದು ಎಡಗಾಲಿಗೆ. ಇರುವುದು ದೋಣಿಯವರ ಮನೆಯಲ್ಲಿ. ಒಲೆ ಊದುವಾಗ ಸೆರಗು ಕಟ್ಟಿಕೊಳ್ಳಬೇಕಂತೆ.

ಸಂಕವ್ವನ ಅಣ್ಣ ಊರಿನ ಪಂಚಾಯಿತಿಯಲ್ಲಿ ಸಾಕ್ಷಿಗಳನ್ನು ವಿಚಾರಿಸುವವನು. ಕೆಟ್ಟವನಲ್ಲ, ತಂಗಿಯೆಂದರೆ ಜೀವ. ಅವನು ಎರಡೂ ಮಾತನ್ನು ಕೇಳಿ ತಲೆಯಾಡಿಸಿದ.

"ತಂಗೀ, ಬದುಕಿರುವವನ ಪೆಟ್ಟು ಇದ್ದ ಕಾಲಲ್ಲೇ ಇರುತ್ತದೆ. ಸತ್ತವನ ಕಾಲನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಮುರಿಯಬಹುದು. ಇದು ನಿನ್ನ ಅನ್ನಕ್ಕೆ ಕಟ್ಟಿದ ಕತೆ."

ಅಣ್ಣನ ಮಾತಿನಲ್ಲಿ ಸುಳ್ಳು ಯಾವುದು? ಎಷ್ಟು ಹುಡುಕಿದರೂ ಅವಳಿಗೆ ಸಿಗಲಿಲ್ಲ. ಅಂದಿನಿಂದ ಉಣ್ಣುವಾಗ ಮಾತು ನಿಂತಿತು. ಗಂಡ ಸತ್ತ ಅನ್ನುವ ದುಃಖವಾದರೂ ಬಂದಿದ್ದರೆ ಅತ್ತು ಹಗುರಾಗುತ್ತಿದ್ದಳು. ಬಂದದ್ದು ಅದಲ್ಲ, ಇಷ್ಟು ದಿನ ತಾನು ಯಾರ ಜೊತೆ ಮಾತಾಡಿದೆ ಅನ್ನುವ ನಾಚಿಕೆ.

ಬೇಸಿಗೆಯ ಮೊದಲಲ್ಲಿ ಮತ್ತೊಬ್ಬ ಎತ್ತಿನವನು ಬಂದ. ಅಣ್ಣನೂ ಅಲ್ಲೇ ಇದ್ದ.

"ತಾಯಿ, ನಿನ್ನ ಗಂಡ ಘಟ್ಟದ ಬುಡಕ್ಕೆ ಬಂದು ಕೂತಿದ್ದಾನೆ. ಆ ಕಾಲಲ್ಲಿ ಹತ್ತಲಾರ. ನಮ್ಮ ಎತ್ತುಗಳ ಮೇಲೆಲ್ಲ ಉಪ್ಪು ಹೇರಿತ್ತು. ನೀನೇ ಒಂದು ಎತ್ತು ಹೊಡೆದುಕೊಂಡು ಬರಬೇಕಂತೆ. ಒಲೆ ಊದುವಾಗ..."

"ಯಾವ ಕಾಲು?" ಎಂದಳು ಸಂಕವ್ವ.

"ಹಾಂ?"

"ಪೆಟ್ಟಾಗಿರುವುದು ಯಾವ ಕಾಲಿಗೆ?"

"ಕಂಬಳಿ ಹೊದ್ದು ಕೂತಿದ್ದ. ನಾನು ನೋಡಲಿಲ್ಲ. ಬಲಗಾಲೇ ಇರಬೇಕು... ಎಡವೋ ಏನೋ. ನನಗೆ ಯಾಕೆ ತಾಯಿ ಅದೆಲ್ಲ? ನೀನು ಬೇಗ ಹೊರಡು."

"ಮುಖ ಕಂಡವನಿಗೆ ಕಾಲು ಕಾಣಲಿಲ್ಲವೇನಯ್ಯಾ?" ಎಂದ ಅಣ್ಣ.

ಎತ್ತಿನವನು ಇಬ್ಬರ ಮುಖವನ್ನೂ ನೋಡಿದ. ಹಾಕಿದ ಎಲೆಯ ಮುಂದಿನಿಂದ ಉಣ್ಣದೆಯೇ ಎದ್ದು ಹೋದ. ಅನ್ನಕ್ಕಾಗಿ ಕತೆ ಕಟ್ಟಿದವನು ಅನ್ನ ಬಿಟ್ಟು ಯಾಕೆ ಹೋದ ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ ನೋಡು.

ಸಂಕವ್ವ ಹೋಗಲಿಲ್ಲ. ಬೇಸಿಗೆಯ ಕೊನೆಗೆ ಹಿರಿಯರು ಕೂತು ಅವಳ ಬಳೆ ಒಡೆಸಿದರು. ಮಳೆ ಹಿಡಿಯಿತು, ಉಪ್ಪಿನ ದಾರಿ ಮುಚ್ಚಿತು. ಅಣ್ಣ ತನ್ನ ಮನೆಗೆ ಬಾ ಎಂದು ಕರೆದ. ಅವಳು ಒಲ್ಲೆ ಎಂದಳು. ಒಬ್ಬಳೇ ಇದ್ದಳು. ಬಾಗಿಲು ತಟ್ಟುವವರಿಲ್ಲ, ಹೆಸರು ಹಿಡಿದು ಕೂಗುವವರಿಲ್ಲ. ಎಷ್ಟೋ ದಿನ ಅವಳು ಬಾಯಿ ತೆರೆದದ್ದು ಒಲೆ ಊದುವುದಕ್ಕೆ ಮಾತ್ರ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತಳು. ಸೊಂಟಕ್ಕೆ ಸೆರಗು ಕಟ್ಟಿ ಊದಲು ಬಗ್ಗಿದಳು. ಬಗ್ಗಿದವಳು ಊದದೆ ಹಾಗೇ ಉಳಿದಳು.

ಮದುವೆಯಾದ ಹೊಸದರಲ್ಲಿ ಒಮ್ಮೆ ಒಲೆ ಊದುವಾಗ ಅವಳ ಸೆರಗಿಗೆ ಬೆಂಕಿ ಹತ್ತಿತ್ತು. ಗಂಡ ಬರಿಗೈಯಲ್ಲಿ ಹೊಸಕಿ ಆರಿಸಿದ್ದ. ಅತ್ತೆಗೆ ಗೊತ್ತಾದರೆ ರಂಪವಾದೀತೆಂದು ಇಬ್ಬರೂ ಮುಚ್ಚಿಟ್ಟಿದ್ದರು. ಅಂದಿನಿಂದ ಅವನು ಮನೆಯಲ್ಲಿದ್ದ ದಿನವೆಲ್ಲ ಆ ಮಾತು ಹೇಳುತ್ತಿದ್ದ. ಕೇಳಿ ಕೇಳಿ ಅದು ಅವಳಿಗೆ ಮಾತು ಅಂತಲೇ ಅನಿಸುತ್ತಿರಲಿಲ್ಲ. ಅಣ್ಣನಿಗೆ ಗೊತ್ತಿರಲಿಲ್ಲ, ಊರಿಗೆ ಗೊತ್ತಿರಲಿಲ್ಲ. ಉಪ್ಪಿನವರಿಗೆ ಯಾರು ಹೇಳಿದರು?

"ಅಯ್ಯೋ, ನನ್ನ ಬಾಯಿಗೆ ಮಣ್ಣು ಬೀಳ!" ಎಂದು ಎದ್ದಳು. ಅಣ್ಣನ ಹಟ್ಟಿಯಿಂದ ಎತ್ತು ಬಿಚ್ಚಿದಳು. ಅವನು ಹಿಂದಿನಿಂದ ಕೂಗಿದ, ಅವಳು ತಿರುಗಿ ನೋಡಲಿಲ್ಲ.

ತಂಗುದಾಣದಲ್ಲಿ ಒಬ್ಬ ಮುದುಕಿ ಇದ್ದಳು.

"ಹೌದವ್ವಾ, ಒಬ್ಬ ಕುಂಟ ಬೇಸಿಗೆ ಪೂರ್ತಿ ಇಲ್ಲೇ ಕೂತಿದ್ದ," ಎಂದಳು ಮುದುಕಿ. "ಮೇಲಿನಿಂದ ಎತ್ತಿನ ಗಂಟೆ ಕೇಳಿದರೆ ಸಾಕು, ಗೋಡೆ ಹಿಡಿದು ಎದ್ದು ನಿಲ್ಲುವವನು. ಮಳೆ ಬಂದ ಮೇಲೆ ಕೆಳಗೆ ಹೊರಟುಹೋದ. ಪಾಪ, ಅವನಿಗೆ ಯಾರೂ ಬರಲಿಲ್ಲ."

ಸಂಕವ್ವ ಮತ್ತೇನೂ ಕೇಳಲಿಲ್ಲ. ಎತ್ತಿನ ಹಗ್ಗ ಹಿಡಿದು, ಮೇಲಿನವರು ಯಾರೂ ಇಳಿಯದ ದಾರಿಯಲ್ಲಿ ಕಡಲಿನ ಕಡೆಗೆ ಇಳಿದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಬಿಡಿಸಿದ ಹಣ್ಣನ್ನು ಮೊರಕ್ಕೆ ಹಾಕಿಕೊಂಡರು. ಸೋಮಲಿಂಗ ಕೈಯಲ್ಲಿದ್ದ ಬೀಜವನ್ನು ಕೆಳಗಿಟ್ಟ. ಅವನಿಗೆ ತಡೆಯಲಾಗಲಿಲ್ಲ.

"ಹಾಗಾದರೆ ಗುರುಗಳೇ, ನಿಜವಾಗಿ ಪೆಟ್ಟಾಗಿದ್ದು ಯಾವ ಕಾಲಿಗೆ?"

"ಅವನು ಅವಳಿಗೆ ಸಿಕ್ಕಿದನೇ ಎಂದು ಕೇಳುತ್ತೀಯೆ ಅಂದುಕೊಂಡಿದ್ದೆನಲ್ಲೋ, ಮಗೂ."